ನೊಣ, ಸೊಳ್ಳೆ, ಇತರೆ

ಗುರುವಾರ ಬೆಳಗ್ಗೆ ಎಂಟಕ್ಕೆ ಬಿಸ್ಕತ್ತು ಕಾರ್ಖಾನೆಯ ಗೇಟಿನಲ್ಲಿ ಮೊದಲು ಒಂದು ಮಡಚುವ ಏಣಿ ಕಾಣಿಸುತ್ತಿತ್ತು, ಆಮೇಲೆ ಒಂದು ಚೀಲ, ಕೊನೆಗೆ ಅವೆರಡನ್ನೂ ಹೊತ್ತ ಐವತ್ತೆರಡು ವರ್ಷದ ಹೆಂಗಸು. ಅವಳೇ ನೊಣದಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಕಂಪನಿಯ ಗುರುತಿನ ಚೀಟಿಯಲ್ಲಿ ಭದ್ರವಾಗಿತ್ತು. ನೊಣದಮ್ಮ ಅನ್ನುವುದು ಪ್ಯಾಕಿಂಗ್ ಹೆಂಗಸರು ಕೊಟ್ಟ ಬಿರುದು. ಮೊದಮೊದಲು ಅವಳಿಗೆ ಮೈ ಉರಿಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಉರಿಯುವುದೂ ನಿಂತಿತು. ಈಗೀಗ ಫೋನ್ ಎತ್ತಿಕೊಂಡರೆ ತಾನೇ "ನೊಣದಮ್ಮ ಮಾತಾಡ್ತಿರೋದು" ಎಂದುಬಿಡುತ್ತಿದ್ದಳು.

ಅವಳ ಕೆಲಸ ಹೇಳಿಕೊಳ್ಳುವಂಥದ್ದಲ್ಲ, ಹೇಳಿದರೆ ಯಾರೂ ಪಕ್ಕದಲ್ಲಿ ಕೂತು ಊಟ ಮಾಡುವುದಿಲ್ಲ. ಊರಲ್ಲಿ ಎಲ್ಲೆಲ್ಲಿ ಅವಳ ಕೀಟ ನಿಯಂತ್ರಣ ಕಂಪನಿಯವರು ಹುಳ ಸುಡುವ ಯಂತ್ರ ತೂಗುಹಾಕಿದ್ದಾರೋ ಅಲ್ಲೆಲ್ಲ ವಾರಕ್ಕೊಮ್ಮೆ ಹೋಗಬೇಕು. ಸ್ವಿಚ್ ಆರಿಸಿ, ಏಣಿ ಹತ್ತಿ, ಯಂತ್ರದ ಕೆಳಗಿನ ತಟ್ಟೆ ಎಳೆದು, ಅದರಲ್ಲಿ ಬಿದ್ದ ಸತ್ತ ಹುಳಗಳನ್ನು ಬಿಳಿ ಕಾಗದದ ಮೇಲೆ ಸುರಿಯಬೇಕು. ಚಿಮಟದಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಎಣಿಸಿ, ಹಾಳೆಯಲ್ಲಿ ತುಂಬಬೇಕು. ಹಾಳೆಯಲ್ಲಿ ಮೂರೇ ಕಾಲಂ: ನೊಣ, ಸೊಳ್ಳೆ, ಇತರೆ. ಜಗತ್ತಿನಲ್ಲಿ ಇರುವ ಹುಳಗಳನ್ನೆಲ್ಲ ಮೂರು ಮನೆಗೆ ಹಂಚಿದ ಮಹಾನುಭಾವ ಯಾರೋ, ಅವನು ಒಂದು ದಿನವೂ ತಟ್ಟೆ ಎಳೆದವನಲ್ಲ.

ಆ ಗುರುವಾರ ಬಿಸ್ಕತ್ತು ಕಾರ್ಖಾನೆಯ ಐದನೇ ನಂಬರಿನ ಯಂತ್ರದಿಂದ ಬಿದ್ದದ್ದು ನೊಣ ಒಂಬತ್ತು, ಸೊಳ್ಳೆ ಎರಡು, ಇತರೆ ಆರುನೂರ ಹನ್ನೊಂದು. ಎಣಿಸಿ ಮುಗಿಸುವಷ್ಟರಲ್ಲಿ ಅವಳ ಕತ್ತು ಹಿಡಿದುಕೊಂಡಿತು.

ಆರುನೂರ ಹನ್ನೊಂದನ್ನೂ ಅವಳು ಮುಖ ನೋಡಿಯೇ ಬಲ್ಲಳು. ಬೂದು ಪುಡಿ ಮೆತ್ತಿದ ಪತಂಗಗಳು, ಗಟ್ಟಿ ರೆಕ್ಕೆಯ ಕಂದು ದುಂಬಿಗಳು, ಹಸಿರು ಮೈಯ, ಜಾಲರಿಯಂಥ ರೆಕ್ಕೆಯ ತೆಳ್ಳನೆ ಹುಳಗಳು, ಸೊಳ್ಳೆಯ ಹಾಗೇ ಕಂಡರೂ ಯಾರನ್ನೂ ಕಚ್ಚದ ನೀರುಹುಳಗಳು. ಕೆಲವಕ್ಕೆ ಅವಳೇ ಹೆಸರಿಟ್ಟಿದ್ದಳು. ಬಿಳಿ ಪತಂಗ ಮದುಮಗಳು, ಮೂತಿ ಉದ್ದದ ದುಂಬಿ ವಕೀಲ. ಇವು ಯಾವುವೂ ಬಿಸ್ಕತ್ತಿಗೆ ಆಸೆ ಪಟ್ಟು ಬಂದವಲ್ಲ. ಬೆಳಕು ಕಂಡು ಬಂದವು, ಅಷ್ಟೇ.

ಯಂತ್ರವೇನು ಮಹಾ ಅಲ್ಲ. ಒಳಗೆ ಎರಡು ನೇರಳೆ ಕೊಳವೆ ದೀಪ. ಅವು ಸೂಸುವ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣುವುದು ಒಂದಿಷ್ಟೇ, ಮಿಕ್ಕದ್ದು ಹುಳಗಳ ಕಣ್ಣಿಗೆ ಮಾತ್ರ. ದೀಪದ ಮುಂದೆ ಒತ್ತೊತ್ತಾಗಿ ನಿಂತ ತಂತಿಗಳು, ಅವುಗಳ ನಡುವೆ ಒಂದು ಹುಳದ ಮೈ ಹಿಡಿಸುವಷ್ಟು ಸಂದು. ಮನೆಗೆ ಬರುವ ಕರೆಂಟನ್ನೇ ಹತ್ತಿಪ್ಪತ್ತು ಪಟ್ಟು ಏರಿಸಿ ಆ ತಂತಿಗಳಿಗೆ ಕೊಟ್ಟಿರುತ್ತಾರೆ. ಹುಳ ಒಂದು ತಂತಿಗೂ ಪಕ್ಕದ ತಂತಿಗೂ ಒಟ್ಟಿಗೆ ತಗುಲಿದರೆ ಕರೆಂಟಿಗೆ ಅದರ ಮೈಯೇ ದಾರಿ. ಮೈಯೊಳಗಿನ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಕುದಿದು, ಚಟ್ ಎಂದು ಸಿಡಿಯುತ್ತದೆ. ಕೇಳಿದವರಿಗೆ ಒಂದು ಶತ್ರು ಸತ್ತ ಸಮಾಧಾನ. ತಟ್ಟೆಗೆ ಬೀಳುವುದು ದಪ್ಪನೆಯದು ಮಾತ್ರ. ಕಾಲು, ರೆಕ್ಕೆಯ ಚೂರು, ಹೊಟ್ಟೆಯೊಳಗಿನ ಕೊಳೆ ಎಲ್ಲ ಗಾಳಿಯಲ್ಲಿ ನಾಲ್ಕಾರು ಹೆಜ್ಜೆ ದೂರ ಹಾರಿ, ಸಿಕ್ಕಿದ್ದರ ಮೇಲೆ ಕೂರುತ್ತವೆ. ಆದ್ದರಿಂದಲೇ ತಿನ್ನುವ ಪದಾರ್ಥದ ಮೇಲೆ ಇದನ್ನು ಯಾವತ್ತೂ ಕಟ್ಟಬಾರದು, ಕಿಟಕಿಗೆ ಎದುರಾಗಿಯೂ ಕಟ್ಟಬಾರದು. ಕಿಟಕಿಗೆ ಎದುರಾದರೆ ಹೊರಗೆ ತಮ್ಮ ಪಾಡಿಗೆ ಇರುವ ಹುಳಗಳನ್ನೂ ಕೂಗಿ ಕರೆದಂತೆ. ಇನ್ನು ಸೊಳ್ಳೆ, ಅದು ಬರುವುದು ನಮ್ಮ ಉಸಿರಿಗೆ, ಬೆವರಿಗೆ. ನೇರಳೆ ದೀಪ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಇಷ್ಟನ್ನೂ ಕೆಲಸಕ್ಕೆ ಸೇರಿದಾಗ ಎರಡು ದಿನದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನೊಣದಮ್ಮ ಬರೆದುಕೊಂಡಿದ್ದಳು, ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಪಾಸಾಗಿದ್ದಳು. ಅಂದಮೇಲೆ ಐದನೇ ನಂಬರಿನ ಯಂತ್ರ ಪ್ಯಾಕಿಂಗ್ ಬೆಲ್ಟಿನ ನೆತ್ತಿಯ ಮೇಲೆ, ತೆರೆದ ಕಿಟಕಿಯ ಎದುರಿಗೆ ಹೇಗೆ ಬಂತು?

ಅವಳೇ ತಂದು ಕಟ್ಟಿಸಿದ್ದು.

ನಾಲ್ಕು ತಿಂಗಳ ಹಿಂದೆ ಆ ಯಂತ್ರ ಗೋದಾಮಿನ ಮೂಲೆಯಲ್ಲಿತ್ತು. ಇರಬೇಕಾದ ಜಾಗವೇ. ಅಲ್ಲಿ ಹುಳ ಕಮ್ಮಿ, ಆದ್ದರಿಂದ ತಟ್ಟೆಯಲ್ಲೂ ಕಮ್ಮಿ. ವಾರಕ್ಕೆ ಇಪ್ಪತ್ತು, ಮೂವತ್ತು. ಕಾರ್ಖಾನೆ ಶುಚಿಯಾಗಿದೆ ಎಂದು ಖುಷಿಪಡಬೇಕಾದ ಕಂಪನಿಯ ಸಾಹೇಬರು ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಏನಮ್ಮ ಇದು, ಯಂತ್ರ ಏನೂ ಹಿಡೀತಿಲ್ಲ ಅಂದ್ರೆ ಕಾರ್ಖಾನೆಯವರು ನಮ್ಮನ್ನ ಯಾಕೆ ಇಟ್ಕೋತಾರೆ? ನಿಮ್ಮ ಜಾಗಗಳಲ್ಲೆಲ್ಲ ಇದೇ ಕತೆ. ವಯಸ್ಸಾಯ್ತು, ಕಣ್ಣು ಕಾಣಲ್ಲ ಅಂದ್ರೆ ಹೇಳಿಬಿಡಿ." ಆ ಕಚೇರಿಯಲ್ಲಿ ಕೊಂದಷ್ಟು ಕೆಲಸ. ಕೊಲ್ಲಲು ಏನೂ ಇಲ್ಲದಿರುವುದೇ ಒಳ್ಳೆಯ ಕೆಲಸ ಎಂದು ಅಲ್ಲಿ ಯಾರ ತಲೆಗೂ ಹೊಳೆಯುತ್ತಿರಲಿಲ್ಲ, ಹೊಳೆದರೂ ಬಾಯಿ ಬಿಡುತ್ತಿರಲಿಲ್ಲ.

ನೊಣದಮ್ಮನಿಗೆ ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು, ಮಂಡಿ ಆಗಲೇ ಕೈಕೊಟ್ಟಿತ್ತು. ಜಗಳ ಆಡುವ ಚೈತನ್ಯ ಇರಲಿಲ್ಲ. ಯಂತ್ರವನ್ನು ಪ್ಯಾಕಿಂಗ್ ಹಾಲಿಗೆ ಸಾಗಿಸಿ, ಹಾಳೆಯಲ್ಲಿ "ಜಾಗ ಬದಲಿಸಿದೆ" ಎಂದು ಬರೆದು ಸಹಿ ಹಾಕಿದಳು. ಒಲೆಯ ಕಾವಿಗೆ ಹಾಲಿನ ಕಿಟಕಿ ಸದಾ ತೆರೆದೇ ಇರುತ್ತಿತ್ತು. ಮೊದಲ ವಾರವೇ ನಾನೂರು. ಎರಡನೇ ತಿಂಗಳಿಗೆ ಕಂಪನಿಯವರು ಅವಳನ್ನು ಕರೆದು, ಚಪ್ಪಾಳೆ ತಟ್ಟಿ, ತಿಂಗಳ ಉತ್ತಮ ಕೆಲಸಗಾರ್ತಿ ಎಂದು ಒಂದು ಗೋಡೆ ಗಡಿಯಾರ ಕೊಟ್ಟರು. ಅವಳು ನಕ್ಕು ಫೋಟೋಗೆ ನಿಂತಳು.

ಆ ಗುರುವಾರ ತಟ್ಟೆ ತೊಳೆಯಲು ಹಿತ್ತಲ ನಲ್ಲಿಗೆ ಹೋದಾಗ ಕಾವಲುಗಾರ ಬೇಲಿಯ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕಿಟಕಿಯ ಹೊರಗಿನ ಖಾಲಿ ಜಾಗ ಅವನ ಸಾಮ್ರಾಜ್ಯ. ಬೇಲಿಯುದ್ದಕ್ಕೂ ಸೋರೆ ಬಳ್ಳಿ ಹಬ್ಬಿಸಿದ್ದ, ಹೋದ ವರ್ಷ ಅರ್ಧ ಕಾರ್ಖಾನೆಗೆ ಕಾಯಿ ಹಂಚಿದ್ದ.

"ನೋಡಿ ಅಮ್ಮ, ಹೂವು ಎಷ್ಟಾದ್ರೂ ಬಿಡುತ್ತೆ, ಒಂದೂ ಕಾಯಿ ಕಟ್ಟಲ್ಲ. ಹೀಚು ಹಳದಿಯಾಗಿ ಉದುರಿ ಬೀಳುತ್ತೆ. ಗೊಬ್ಬರ ಹಾಕಿದೆ, ನೀರು ಹಾಕಿದೆ, ಬೈದೂ ನೋಡಿದೆ."

"ಎಲೆ ಹಿಂದೆ ಇದೇನು?" ಎಂದು ಅವಳು ಒಂದು ಎಲೆ ಮಗುಚಿದಳು. ಗಿಡಹೇನು ಗಿಜಿಗಿಜಿ ಕೂತಿತ್ತು.

"ಅದೂ ಈ ವರ್ಷದ ಹೊಸ ಪೀಡೆ. ಸಂಜೆ ಹೊತ್ತು ಇಲ್ಲಿ ಚಿಕ್ಕ ಬಾವಲಿಗಳು ಸುತ್ತು ಹಾಕ್ತಾ ಇದ್ವು, ಅವೂ ಬರ್ತಿಲ್ಲ. ಯಾಕೋ ಈ ಜಾಗಕ್ಕೇ ಏನೋ ಆಗಿದೆ."

ಏನಾಗಿದೆ ಎಂದು ಅವಳ ಕೈಯಲ್ಲಿದ್ದ ತಟ್ಟೆಗೆ ಗೊತ್ತಿತ್ತು. ಸೋರೆ ಹೂವು ಅರಳುವುದು ಸಂಜೆ, ಅದರ ಬಳಿಗೆ ಬರುವುದು ಪತಂಗ. ಗಿಡಹೇನನ್ನು ತಿಂದು ಬದುಕುವುದು ಆ ಹಸಿರು ಜಾಲರಿ ರೆಕ್ಕೆಯ ಹುಳದ ಮರಿ. ಬಾವಲಿಗೆ ಹೊಟ್ಟೆಗೆ ಬೇಕಾದದ್ದು ಇವೆಲ್ಲ. ಎಲ್ಲವೂ ನಾಲ್ಕು ತಿಂಗಳಿಂದ ಅವಳ ಹಾಳೆಯಲ್ಲಿ ಇತರೆ ಎಂಬ ಕಾಲಂಗೆ ಸೇರಿಹೋಗಿದ್ದವು. ಎರಡು ವಾರದ ಹಿಂದೆ ಹುಳದ ಆಸೆಗೆ ಹತ್ತಿದ ಒಂದು ಹಲ್ಲಿ ತಂತಿಗೆ ಅಂಟಿಕೊಂಡೇ ಸತ್ತಿತ್ತು. ಹಲ್ಲಿಗೆ ಕಾಲಂ ಇಲ್ಲದ್ದರಿಂದ ಅದನ್ನು ಅವಳು ಎಲ್ಲೂ ಬರೆದಿರಲಿಲ್ಲ.

"ಮುಂದಿನ ವರ್ಷ ಸರಿಹೋಗುತ್ತೆ ಬಿಡಿ" ಎಂದು ಅವಳು ನಲ್ಲಿ ತಿರುಗಿಸಿದಳು.

ತಟ್ಟೆ ಒರೆಸುತ್ತಿರುವಾಗಲೇ ಕಾರ್ಖಾನೆಯ ಮ್ಯಾನೇಜರು ಹೇಳಿಕಳಿಸಿದರು. ಅವರು ಬಂದು ಆರು ತಿಂಗಳಾಗಿತ್ತಷ್ಟೇ. ಕಣ್ಣ ಕೆಳಗೆ ಕಪ್ಪು ಕಟ್ಟಿದ, ಸದಾ ಯಾರದೋ ಫೋನಿಗೆ ಹೆದರಿಕೊಂಡೇ ಇರುವ ಮನುಷ್ಯ. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಅರ್ಧ ಬಿಸ್ಕತ್ತು.

"ಅಮ್ಮಾ, ಹುಳದ ವಿಷಯದಲ್ಲಿ ನೀವು ತಿಳಿದವರು. ಮಗುಗೆ ತಿನ್ನಿಸೋಕೆ ಹೋದಾಗ ಸಿಕ್ಕಿತಂತೆ, ತಾಯಿ ರಂಪ ಮಾಡ್ತಿದ್ದಾರೆ. ಇದೇನು ಹೇಳಿ. ಜಿರಳೆಯಾ? ತಲೆಹೇನಾ?"

ನೊಣದಮ್ಮ ಭೂತಗನ್ನಡಿ ತೆಗೆದಳು. ಬಿಸ್ಕತ್ತಿನ ಅಂಚಿನಲ್ಲಿ ಅಕ್ಕಿಕಾಳಿನ ಅರ್ಧದಷ್ಟು ಉದ್ದದ ಒಂದು ಕಾಲು. ಕಂದು ಬಣ್ಣ, ಸಣ್ಣ ಮುಳ್ಳು, ತುದಿ ಮಾತ್ರ ಕರಕಲಾಗಿ ಸುರುಟಿಕೊಂಡಿತ್ತು. ಪಕ್ಕದಲ್ಲೇ ಪತಂಗದ ರೆಕ್ಕೆಯ ಬೂದು ಪುಡಿ. ನೋಡಲು ಅರೆಕ್ಷಣ ಸಾಕಾಯಿತು. ಕಂದು ದುಂಬಿಯ ಹಿಂಗಾಲು, ತಂತಿಗೆ ಸಿಕ್ಕಿ ಸುಟ್ಟದ್ದು. ಬಿಸ್ಕತ್ತಿನ ಜೊತೆ ಒಲೆಯಲ್ಲಿ ಬೆಂದಿದ್ದರೆ ಇಡೀ ಕಾಲೇ ಕಪ್ಪಾಗುತ್ತಿತ್ತು. ಇದು ಬೆಂದ ಬಿಸ್ಕತ್ತಿನ ಮೇಲೆ ಮೇಲಿನಿಂದ ಬಿದ್ದದ್ದು.

"ಇಷ್ಟು ಸಣ್ಣ ಚೂರಲ್ಲಿ ಹೇಳೋದು ಕಷ್ಟ ಸಾರ್" ಎಂದಳು.

"ಪ್ಯಾಕ್ ಮಾಡೋರ ತಲೆಯಿಂದಲೋ ಬಟ್ಟೆಯಿಂದಲೋ ಬಂದಿರಬಹುದಾ?"

ಅವಳು ಕನ್ನಡಿಯನ್ನು ಸೆರಗಿನಲ್ಲಿ ಒರೆಸಿದಳು. ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

"ಬಂದಿರಬಹುದು."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು, ಅಷ್ಟೇ ಅಂದುಕೊಂಡಳು. ಮ್ಯಾನೇಜರು ಮಾತ್ರ ಅದನ್ನು ತಕ್ಷಣ ಬರೆದುಕೊಂಡರು.

ಮಧ್ಯಾಹ್ನ ಇನ್ನೆರಡು ಹೋಟೆಲು ಮುಗಿಸಿ ಮನೆಗೆ ಬಂದರೆ ಬಾಗಿಲು ತೆರೆದಿತ್ತು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಗಂಡ ಬಸ್ ಡಿಪೋದಲ್ಲಿ ಟೈರು ಬಿಚ್ಚುತ್ತಿರುತ್ತಾನೆ. ನಾದಿನಿ ಬಿಸ್ಕತ್ತು ಕಾರ್ಖಾನೆಯ ಮೂರನೇ ಟೇಬಲ್ಲಿನಲ್ಲಿರುತ್ತಾಳೆ, ಬೆಳಗ್ಗೆಯೂ ಅಲ್ಲೇ ಬಗ್ಗಿ ಕೆಲಸ ಮಾಡುತ್ತಿದ್ದಳು. ಆ ನಾದಿನಿ ಈಗ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಕೆಲಸದ ಟೋಪಿ ಮಡಿಲಲ್ಲಿತ್ತು.

"ಮನೆಗೆ ಕಳಿಸಿಬಿಟ್ರು ಅತ್ತಿಗೆ. ಪ್ಯಾಕೆಟ್ಟಲ್ಲಿ ಹುಳದ ಕಾಲು ಸಿಕ್ಕಿದೆಯಂತೆ. ಅದು ನಮ್ಮ ಟೇಬಲ್ಲಿಂದು. ನನ್ನ ಕೂದಲು ಉದ್ದ, ಟೋಪಿಲಿ ನಿಲ್ಲಲ್ಲ, ನನ್ನ ತಲೆಯಿಂದಲೇ ಬಿದ್ದಿದ್ದು ಅಂತ ಎಲ್ಲರ ಮುಂದೆ ಅಂದ್ರು. ಹುಳ ಗೊತ್ತಿರೋರ ಹತ್ರ ತೋರಿಸಿ ಕೇಳಿದ್ದಾರಂತೆ, ಅವರೂ ಹಾಗೇ ಅಂದ್ರಂತೆ. ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ವಿಚಾರಣೆ. ಆಮೇಲೆ ಕೈಗೆ ಕಾಗದ ಕೊಟ್ಟು ಕಳಿಸ್ತಾರೆ."

ನೊಣದಮ್ಮ ಏಣಿಯನ್ನು ಗೋಡೆಗೆ ಒರಗಿಸಿದಳು. ಅದು ಜಾರಿತು, ಮತ್ತೆ ಒರಗಿಸಿದಳು.

ನಾದಿನಿಗೆ ಮೂವತ್ತೆಂಟು. ಗಂಡನ ಮನೆಯಲ್ಲಿ ಬಾಳಲಾರದೆ ಒಂದು ಸೂಟ್‌ಕೇಸ್ ಹಿಡಿದು ಅಣ್ಣನ ಮನೆಗೆ ಬಂದು ಒಂಬತ್ತು ವರ್ಷ. ಮೊದಲೆರಡು ವರ್ಷ ಅವಳು ಈ ಮನೆಯಲ್ಲಿ ಗೋಡೆಗೆ ಅಂಟಿಕೊಂಡೇ ನಡೆದಳು, ಎರಡನೇ ಸಲ ಅನ್ನ ಬಡಿಸಿಕೊಳ್ಳಲಿಲ್ಲ. ಹಳೆಯ ಮ್ಯಾನೇಜರ ಕಾಲದಲ್ಲಿ ಅತ್ತಿಗೆಯೇ ಹೇಳಿ ಆ ಕೆಲಸ ಕೊಡಿಸಿದ್ದಳು. ಆಮೇಲೆ ಅವಳ ಬೆನ್ನು ನೆಟ್ಟಗಾಯಿತು, ಬಾಯಿಯೂ ಬಂತು. "ಬಾ ನೊಣದಮ್ಮ, ಇವತ್ತು ಎಷ್ಟು ಕೊಲೆ ಮಾಡಿ ಬಂದೆ?" ಎಂದು ಅತ್ತಿಗೆಯನ್ನು ರೇಗಿಸುವಷ್ಟು ಬಾಯಿ. ಆ ಕೆಲಸ ಹೋದರೆ ಈ ಮನೆಯಲ್ಲಿ ಅವಳು ಮತ್ತೆ ಗೋಡೆಗೆ ಅಂಟಿಕೊಳ್ಳುತ್ತಾಳೆ ಎಂದು ನೊಣದಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ.

ಆ ಕ್ಷಣವೇ ಹೇಳಬಹುದಿತ್ತು. ಹೇಳಲಿಲ್ಲ. ಮುಖ ತೊಳೆದು ಬರುತ್ತೇನೆ ಎಂದು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಳು.

ಮಾರನೆಯ ದಿನ ಸಾಹೇಬರಿಗೆ ಫೋನ್ ಮಾಡಿ, ಐದನೇ ನಂಬರಿನ ಯಂತ್ರ ಬೆಲ್ಟಿನ ಮೇಲಿರುವುದು ಸರಿಯಲ್ಲವೇನೋ ಎಂದು ಸುತ್ತಿ ಬಳಸಿ ಹೇಳಿ ನೋಡಿದಳು. ಸಾಹೇಬರು ಕಾಗದ ತಿರುವುವ ಸದ್ದು ಕೇಳಿಸಿತು. "ಜಾಗ ಬದಲಿಸಿದ್ದು ನೀವೇ ಅಲ್ವಾ? ಇಲ್ಲಿ ನಿಮ್ಮ ಸಹಿ ಇದೆ" ಎಂದರು. ದನಿಯಲ್ಲಿ ಕೋಪ ಇರಲಿಲ್ಲ, ಕೈ ತೊಳೆದುಕೊಂಡ ನೆಮ್ಮದಿ ಇತ್ತು. ಅವಳು ಇರಲಿ ಬಿಡಿ ಸಾರ್ ಎಂದು ಫೋನ್ ಇಟ್ಟಳು.

ಭಾನುವಾರ ನಾದಿನಿ ತಲೆಗೆ ನೀರು ಹಾಕಿಕೊಂಡು ಹಿತ್ತಲ ಬಿಸಿಲಿಗೆ ಬಂದು ಕೂತಳು. ಮೂರು ದಿನದಲ್ಲಿ ಅದು ಐದನೇ ಸ್ನಾನ. ಮೊಣಕಾಲ ಮೇಲೆ ಬಿಳಿ ಟವೆಲು ಹಾಸಿ, ಹೇನು ತೆಗೆಯುವ ಬಾಚಣಿಗೆಯನ್ನು ಹಿಂದಕ್ಕೆ ಚಾಚಿದಳು.

"ಅತ್ತಿಗೆ, ನೀನೊಂದ್ಸಲ ಕಣ್ಣಾರೆ ನೋಡಿಬಿಡು. ಹುಳ ಗುರುತಿಸೋಕೆ ನಿನಗಿಂತ ಬೇರೆ ಯಾರು ಬೇಕು? ಇದ್ರೆ ಇದೆ ಅನ್ನು, ನಾಚಿಕೆ ಪಟ್ಕೊಳಲ್ಲ. ನಂಗೆ ಗೊತ್ತಾಗಬೇಕು ಅಷ್ಟೇ."

ನೊಣದಮ್ಮ ಹಿಂದೆ ಕೂತಳು. ಸೊಂಟ ಮುಟ್ಟುವ ಕೂದಲು, ಒದ್ದೆಯಿದ್ದಾಗ ಇನ್ನೂ ಭಾರ. ಎಳೆ ಎಳೆ ಬಿಡಿಸಿ, ಬುಡ ನೋಡಿ, ಬಾಚಿ, ಟವೆಲಿನ ಮೇಲೆ ಕೊಡವಿದಳು. ಏನೂ ಬೀಳಲಿಲ್ಲ.

"ಏನೂ ಇಲ್ಲ."

"ಸರಿಯಾಗಿ ನೋಡು. ಕನ್ನಡಿ ತಗೊಂಡು ನೋಡು."

ಅವಳು ಎದ್ದುಹೋಗಿ ಭೂತಗನ್ನಡಿ ತಂದಳು. ಸತ್ತ ಹುಳಗಳನ್ನು ನೋಡುವ ಅದೇ ಕನ್ನಡಿಯನ್ನು ನಾದಿನಿಯ ಬೈತಲೆಯ ಮೇಲೆ ಹಿಡಿದು, ಇಲ್ಲದ್ದನ್ನು ಹುಡುಕಿದಳು. ಉಜ್ಜಿ ಉಜ್ಜಿ ನೆತ್ತಿ ಕೆಂಪಾಗಿತ್ತು. ಒಂದೆರಡು ಕಡೆ ಉಗುರು ಗೀರಿ ರಕ್ತ ಒಣಗಿತ್ತು. ಒಂದು ಗಂಟೆ ಹಾಗೇ ಕೂತಿದ್ದರು. ತಾನು ಮಾಡುತ್ತಿರುವುದು ಎಂಥ ಹೇಸಿಗೆಯ ಕೆಲಸ ಎಂದು ನೊಣದಮ್ಮನಿಗೆ ತಿಳಿಯುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಕೈ ನಿಂತರೆ ಬಾಯಿ ತೆರೆಯಬೇಕಾಗಿತ್ತು.

"ಇಲ್ಲ ಅಂದ್ನಲ್ಲ, ಏಳು" ಎಂದಳು ಕೊನೆಗೆ, ಬೇಕಾದ್ದಕ್ಕಿಂತ ಗಡುಸಾಗಿ.

"ಈಗ ಇಲ್ಲ. ಅವತ್ತು ಇತ್ತೇನೋ" ಎಂದಳು ನಾದಿನಿ, ಟವೆಲು ಮಡಚುತ್ತ.

ಆ ಮಾತು ಅವಳನ್ನು ಮೂರು ದಿನ ಕೊರೆಯಿತು. ಮಾಡದ ತಪ್ಪನ್ನು ಮೇಲೆ ಹೊರಿಸಿದರೆ ಜನ ಮೊದಲು ಕೂಗಾಡುತ್ತಾರೆ, ಆಮೇಲೆ ಅಳುತ್ತಾರೆ, ಅದಾದಮೇಲೆ ನಂಬಲು ಶುರುಮಾಡುತ್ತಾರೆ. ನಾದಿನಿ ನಂಬುವ ಹಂತಕ್ಕೆ ಬಂದಿದ್ದಳು. ಬುಧವಾರದ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಪಾತ್ರೆ ಮುಟ್ಟುವ ಮೊದಲು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಿದ್ದಳು. ತನ್ನ ತಟ್ಟೆ ಬೇರೆ ಇಟ್ಟುಕೊಂಡಿದ್ದಳು.

ಬುಧವಾರ ಸಂಜೆ, ಎರಡನೇ ಪಾಳಿಯವರು ಒಳಗೆ ಬರುವ ಮುಂಚೆ, ನೊಣದಮ್ಮ ತನ್ನ ದಿನವಲ್ಲದ ದಿನ ಕಾರ್ಖಾನೆಗೆ ಹೋದಳು. ಕಾವಲುಗಾರ ಏನೂ ಕೇಳದೆ ಬಿಟ್ಟ. ಯಂತ್ರದ ಕೆಳಗೆ ಬೆಲ್ಟಿನ ಪಕ್ಕದ ಕಬ್ಬಿಣದ ಅಂಚಿಗೆ ಒಂದು ಬಿಳಿ ಹಾಳೆ ಅಂಟಿಸಿದಳು. ಅಷ್ಟೇ ಅಗಲದ ಇನ್ನೊಂದನ್ನು ಹಾಲಿನ ಆ ತುದಿಯಲ್ಲಿ ಅಂಟಿಸಿದಳು. ಗುರುವಾರ ಬೆಳಗ್ಗೆ ಬಂದು ಎರಡನ್ನೂ ಬಿಡಿಸಿದಳು. ತುದಿಯ ಹಾಳೆಯಲ್ಲಿ ಹಿಟ್ಟಿನ ಧೂಳು ಬಿಟ್ಟರೆ ಏನೂ ಇರಲಿಲ್ಲ. ಯಂತ್ರದ ಕೆಳಗಿನದರಲ್ಲಿ ಕಾಲು, ಮೀಸೆ, ರೆಕ್ಕೆ ಚೂರು, ಸುಟ್ಟ ಹೊಟ್ಟೆ, ಎಪ್ಪತ್ತಮೂರು. ಪುಡಿಯನ್ನು ಎಣಿಸುವುದು ಅವಳಿಂದಾಗಲಿಲ್ಲ.

ಊಟದ ಕೋಣೆಯ ಮೂಲೆಯಲ್ಲಿ ಕೂತು ಬರೆದಳು. ಹನ್ನೊಂದು ವರ್ಷ ಅಂಕಿ ಬಿಟ್ಟು ಬೇರೇನೂ ಬರೆಯದ ಕೈ, ನಾಲ್ಕು ಸಾಲಿಗೆ ಬೆವರಿತು. ಯಂತ್ರ ಇರಬಾರದ ಜಾಗದಲ್ಲಿದೆ. ಅಲ್ಲಿಗೆ ತಂದದ್ದು ನಾನು. ಬಿಸ್ಕತ್ತಿನಲ್ಲಿ ಸಿಕ್ಕ ಕಾಲು ಈ ಯಂತ್ರದಲ್ಲಿ ಸುಟ್ಟ ದುಂಬಿಯದು, ಯಾರ ತಲೆಯಿಂದಲೂ ಬಂದದ್ದಲ್ಲ. ನಾಲ್ಕು ತಿಂಗಳಲ್ಲಿ ಇದರಲ್ಲಿ ಸತ್ತ ನೊಣ ನೂರಮೂವತ್ತೊಂದು, ಸೊಳ್ಳೆ ನಲವತ್ತು. ಉಳಿದ ಒಂಬತ್ತು ಸಾವಿರ ಚಿಲ್ಲರೆ ಹೊರಗಿನ ಗಿಡಗಳ ಹುಳಗಳು, ಕಾರ್ಖಾನೆಗೆ ಅವುಗಳಿಂದ ಯಾವ ತೊಂದರೆಯೂ ಇರಲಿಲ್ಲ. ಕೆಳಗೆ ಸಹಿ ಹಾಕಿ, ಎರಡು ಹಾಳೆಗಳನ್ನೂ ಜೊತೆಗಿಟ್ಟು, ಮ್ಯಾನೇಜರ ಮುಂದೆ ಇಟ್ಟಳು.

ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

"ಹೋದ ವಾರ ಬಂದಿರಬಹುದು ಅಂದ್ರಲ್ಲ?"

"ಸುಳ್ಳು ಹೇಳಿದೆ ಸಾರ್."

"ಇದನ್ನ ಬರೆದೇ ಕೊಡಬೇಕಿತ್ತಾ? ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ?" ಅವರು ಕಣ್ಣು ಉಜ್ಜಿಕೊಂಡರು. "ಇದು ಮೇಲಿನವರ ಕೈಗೆ ಹೋದ್ರೆ ನಾಲ್ಕು ತಿಂಗಳ ಸರಕಿನ ಕತೆ ಕೇಳ್ತಾರೆ. ನಾನೇನು ಹೇಳಲಿ? ನೋಡಿ, ಆ ಯಂತ್ರ ಇವತ್ತೇ ತೆಗೆಸ್ತೀನಿ. ಆ ಹೆಂಗಸನ್ನ ಬೀದಿಗೆ ತಳ್ಳಲ್ಲ. ಒಂದು ತಿಂಗಳು ಬಿಟ್ಟು ಅಂಗಳ ಗುಡಿಸೋ ಕೆಲಸಕ್ಕೆ ಹಾಕ್ಕೋತೀನಿ. ನೀವು ಈ ಕಾಗದ ವಾಪಸ್ ತಗೊಳ್ಳಿ. ಯಾರಿಗೂ ಏನೂ ಆಗಲ್ಲ."

ಕೆಟ್ಟ ಮನುಷ್ಯನಲ್ಲ, ಸುಸ್ತಾದ ಮನುಷ್ಯ. ಎದುರಿಗೆ ನಿಂತಿದ್ದವಳೂ ಅಷ್ಟೇ ಸುಸ್ತಾಗಿದ್ದಳು. ಸರಿ ಅಂದುಬಿಟ್ಟರೆ ಮೂರು ವರ್ಷ ಹೇಗೋ ಸಾಗುತ್ತಿತ್ತು. ಅವಳ ಕೈ ಕಾಗದದ ಕಡೆ ಒಂದು ಗೇಣು ಹೋಗಿದ್ದೂ ಹೌದು.

"ಅಂಗಳ ಗುಡಿಸಿದ್ರೆ ಜನ ಅವಳನ್ನ ಕೊಳಕಿ ಅಂತಲೇ ಅಂತಾರೆ ಸಾರ್. ಎಲ್ಲರ ಮುಂದೆ ಕಳಿಸಿದ್ರಿ, ಎಲ್ಲರ ಮುಂದೆಯೇ ಕರೆಸಿ. ಸೋಮವಾರ ಅದೇ ಮೂರನೇ ಟೇಬಲ್ಲಿಗೆ ಬರಬೇಕು."

"ಆಕೆ ನಿಮಗೇನಾಗಬೇಕು?"

"ನನ್ನ ನಾದಿನಿ."

ಮ್ಯಾನೇಜರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಕಾಗದದ ಮೂಲೆಯಲ್ಲಿ ತಲುಪಿದೆ ಎಂದು ಗೀಚಿದರು. "ಸೋಮವಾರ ಬರಲಿ. ನಿಮ್ಮ ಕಂಪನಿಯವರು ಮಾತ್ರ ಇನ್ನು ಬೇರೆಯವರನ್ನ ಕಳಿಸಬೇಕಾಗುತ್ತೆ" ಎಂದರು. ಅವಳು ತಲೆಯಾಡಿಸಿದಳು. ಹಾಲಿಗೆ ಹೋಗಿ ಐದನೇ ನಂಬರಿನ ಸ್ವಿಚ್ ಆರಿಸಿ, ತಾನೇ ಏಣಿ ಹತ್ತಿ, ಯಂತ್ರವನ್ನು ಕೊಕ್ಕೆಯಿಂದ ಇಳಿಸಿದಳು. ಮೂರನೇ ಟೇಬಲ್ಲಿನ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಯಾಕೆ ನೊಣದಮ್ಮ ಎಂದು ಒಬ್ಬಳು ಕೇಳಿದಳು. ಅದರಿಂದಲೇ ಕಾಲು ಬಿದ್ದದ್ದು, ಕಟ್ಟಿದ್ದು ನಾನೇ ಎಂದು ಅವಳು ಏಣಿಯ ಮೇಲಿನಿಂದಲೇ ಹೇಳಿದಳು. ಯಾರೂ ನಗಲಿಲ್ಲ.

ಉಳಿದ ಹೋಟೆಲುಗಳಿಗೆ ಅವತ್ತು ಅವಳು ಹೋಗಲಿಲ್ಲ, ನೇರ ಮನೆಗೆ ನಡೆದಳು. ಮಂಡಿ ನೋಯುತ್ತಿತ್ತು. ಆದರೂ ವಾರದಲ್ಲಿ ಮೊದಲ ಸಲ ಎದೆಯ ಮೇಲಿನ ಭಾರ ಒಂದಿಷ್ಟು ಸರಿದಿತ್ತು. ಸೋಮವಾರ ಕೆಲಸಕ್ಕೆ ಹೋಗು ಅಂತ ಮೊದಲು ಹೇಳಬೇಕು, ತಪ್ಪು ಒಪ್ಪಿಕೊಳ್ಳುವುದು ಆಮೇಲೆ. ಬೈದರೆ ಬೈಸಿಕೊಂಡರಾಯಿತು.

ನಾದಿನಿ ಹಿತ್ತಲಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಸುತ್ತ ಹಳೆಯ ಪೇಪರು ಹಾಸಿತ್ತು. ಪೇಪರಿನ ತುಂಬ ಕೂದಲು, ಸೊಂಟದುದ್ದದ ಕೂದಲು, ಕಟ್ಟು ಕಟ್ಟಾಗಿ. ಹೊಲಿಗೆಯ ದೊಡ್ಡ ಕತ್ತರಿ ಕೈಯಲ್ಲಿತ್ತು. ಮುಂದೆ ಕಿವಿಯವರೆಗೆ ನೀಟಾಗಿ ಬಂದಿತ್ತು, ಹಿಂದೆ ಕೈಗೆ ಎಟುಕದೆ ಅಡ್ಡಾದಿಡ್ಡಿ ಆಗಿತ್ತು.

"ಬಂದ್ಯಾ? ಒಳ್ಳೇದಾಯ್ತು" ಎಂದಳು. ಎಂಟು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು ಇತ್ತು. "ಸೋಮವಾರ ಹೀಗೇ ಹೋಗಿ ಅವರ ಮುಂದೆ ನಿಂತ್ಕೋತೀನಿ. ಕೂದಲೇ ಇಲ್ಲ, ಇನ್ನೇನಂತಾರೆ? ಪಾಪ, ಅವರದೂ ತಪ್ಪಿಲ್ಲ, ಇಷ್ಟುದ್ದ ಬಿಟ್ಕೊಂಡು ನಾನು ತಿನ್ನೋ ಪದಾರ್ಥ ಮುಟ್ಟಬಾರದಿತ್ತು. ಹಿಂದೆ ಒಂಚೂರು ಸರಿಮಾಡಿ ಕೊಡು ಅತ್ತಿಗೆ, ನಂಗೆ ಕಾಣಲ್ಲ."

ಕತ್ತರಿಯನ್ನು ಹಿಡಿ ಮುಂದೆ ಮಾಡಿ ಚಾಚಿದಳು. ನೊಣದಮ್ಮ ತೆಗೆದುಕೊಂಡಳು. ಈ ಒಂಬತ್ತು ವರ್ಷದಲ್ಲಿ ನಾದಿನಿಯ ಕತ್ತಿನ ಹಿಂಭಾಗವನ್ನು ಹೀಗೆ ಬಯಲಾಗಿ ಅವಳು ನೋಡಿರಲಿಲ್ಲ. ಅದು ಸಣ್ಣ ಹುಡುಗಿಯ ಕತ್ತಿನ ಹಾಗೆ ಬೆಳ್ಳಗೆ, ತೆಳ್ಳಗೆ ಇತ್ತು. ಬೆಳಗ್ಗೆ ಬಂದು ಹೇಳಿದ್ದರೆ, ನಿನ್ನೆ ಹೇಳಿದ್ದರೆ, ಭಾನುವಾರ ಹೇಳಿದ್ದರೆ ಎಂದು ಅವಳ ತಲೆ ಹಿಂದಕ್ಕೆ ಹಿಂದಕ್ಕೆ ಓಡಿತು. ಅತ್ತುಬಿಡಬೇಕು ಅನ್ನಿಸಿತು. ಅಳುವ ಹಕ್ಕು ತನಗಿಲ್ಲ ಎಂದೂ ಅನ್ನಿಸಿತು.

"ಅದು ನಿನ್ನ ತಲೆಯಿಂದ ಬಿದ್ದಿದ್ದಲ್ಲ" ಎಂದಳು. "ನನ್ನ ಯಂತ್ರದಿಂದ ಬಿದ್ದಿದ್ದು. ಬೆಲ್ಟಿನ ಮೇಲೆ ಅದನ್ನ ಕಟ್ಟಿಸಿದ್ದು ನಾನು. ಮ್ಯಾನೇಜರಿಗೆ ಇವತ್ತು ಬರೆದುಕೊಟ್ಟು ಬಂದೆ. ಸೋಮವಾರ ನಿನ್ನ ಟೇಬಲ್ಲಿಗೆ ನೀನು ಹೋಗು, ವಿಚಾರಣೆ ಇಲ್ಲ."

ನಾದಿನಿ ತಿರುಗಲಿಲ್ಲ. ತೊಡೆಯ ಮೇಲಿದ್ದ ಒಂದು ಕೂದಲೆಳೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಯಾವಾಗ ಗೊತ್ತಾಯ್ತು ನಿಂಗೆ?"

"ಮೊದಲ ದಿನವೇ. ಅವರು ತೋರಿಸಿ ಕೇಳಿದ್ದು ನನ್ನನ್ನೇ."

"ಭಾನುವಾರ ನನ್ನ ತಲೆ ನೋಡುವಾಗ?"

"ಗೊತ್ತಿತ್ತು."

ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ನಾದಿನಿ ಮಡಿಲಿಗೆ ಬಿದ್ದ ಕೂದಲನ್ನು ಒಂದೊಂದಾಗಿ ಹೆಕ್ಕಿ ಪೇಪರಿನ ಮೇಲೆ ಹಾಕಿದಳು. ನೊಣದಮ್ಮ ಕೈ ಮುಂದೆ ಮಾಡಿದಳು, ಮುಟ್ಟುವ ಧೈರ್ಯವಾಗದೆ ಹಿಂದಕ್ಕೆ ತೆಗೆದುಕೊಂಡಳು.

ಕೊನೆಗೆ ನಾದಿನಿ ಬೆನ್ನು ನೆಟ್ಟಗೆ ಮಾಡಿ ಕತ್ತು ಬಗ್ಗಿಸಿದಳು.

"ಹಿಂದಿಂದು ಸರಿಮಾಡು" ಎಂದಳು. "ಸೋಮವಾರ ಕೆಲಸಕ್ಕೆ ಹೋಗಬೇಕು. ಮಾತಾಡಬೇಡ."